ಚಿನ್ನಕ್ಕೆ ಅಂತ ಕಟ್ಟಿದ್ದು, ಬೆಳಕಿಗೆ ಉಳಿದದ್ದು: ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಥೆ

ಈ ಸಲ ನಾವು ಒಬ್ಬ ದಿವಾನರ ಬಗ್ಗೆ ಬರೀತಾ ಇದ್ದೀವಿ. ಆದರೆ ಇದು ಶುರುವಾಗಿದ್ದು ಇತಿಹಾಸದ ಪುಸ್ತಕದಿಂದ ಅಲ್ಲ, ನಾಲ್ಕನೇ ಸೆಮಿಸ್ಟರಿನ ಒಂದು ಸೆಮಿನಾರಿನಿಂದ.

ನಮ್ಮ ಗುಂಪಿಗೆ ಬಂದ ವಿಷಯ ಹೀಗಿತ್ತು: ಸಮುದ್ರದ ಮಧ್ಯೆ ನಿಂತಿರುವ, ವಯಸ್ಸಾದ ತೈಲ ಮತ್ತು ಅನಿಲದ ಪ್ಲಾಟ್‌ಫಾರ್ಮ್‌ಗಳನ್ನು ಒಡೆದು ಹಾಕುವ ಬದಲು ಭೂಮಿಯ ಒಳಗಿನ ಶಾಖ ತೆಗೆಯೋಕೆ ಬಳಸಬಹುದಾ? ವಿಷಯ ಚೆನ್ನಾಗಿದೆ. ಭೂಶಾಖದ ಯೋಜನೆಯಲ್ಲಿ ದೊಡ್ಡ ಖರ್ಚು ಅಂದ್ರೆ ಬಾವಿ ಕೊರೆಯೋದು. ತೈಲ ಕಂಪನಿಗಳು ಆ ಬಾವಿಯನ್ನು ಆಗಲೇ ಕೊರೆದು ಬಿಟ್ಟಿವೆ. ಬಾವಿಗೆ ವಯಸ್ಸಾದಂತೆ ಎಣ್ಣೆಗಿಂತ ಬಿಸಿನೀರೇ ಜಾಸ್ತಿ ಮೇಲೆ ಬರುತ್ತೆ. ಆ ನೀರಿನ ಶಾಖದಿಂದ ಕಡಿಮೆ ಉಷ್ಣತೆಗೆ ಕುದಿಯುವ ಇನ್ನೊಂದು ದ್ರವವನ್ನು ಆವಿ ಮಾಡಿ ಟರ್ಬೈನ್ ತಿರುಗಿಸಬಹುದು. ಅಮೆರಿಕದ ವಯೋಮಿಂಗ್‌ನ ಟೀಪಾಟ್ ಡೋಮ್ ಎಂಬ ಹಳೆಯ ತೈಲಕ್ಷೇತ್ರದಲ್ಲಿ 2008ರಲ್ಲಿ 250 ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರ ಇಟ್ಟು ಇದನ್ನು ಮಾಡಿ ತೋರಿಸಿದ್ದಾರೆ. ಅದು ನೆಲದ ಮೇಲಿನ ಬಾವಿ. ಸಮುದ್ರದಲ್ಲಿ ಉಪ್ಪು, ತುಕ್ಕು, ದೂರ ಎಲ್ಲ ಸೇರಿ ಲೆಕ್ಕ ಕಷ್ಟ ಆಗುತ್ತೆ. ನಮ್ಮ ದೇಶದ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ, ಉತ್ಪಾದನೆ ಶುರುವಾಗಿದ್ದು 1976ರಲ್ಲಿ. ಅಂದ್ರೆ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂದಿದೆ.

ಪಿಪಿಟಿ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಕೊಡಗಿನಲ್ಲಿ ಸಮುದ್ರವೇ ಇಲ್ಲ, ಎಣ್ಣೆಯೂ ಇಲ್ಲ, ಇದು ನಮಗೆ ಯಾಕೆ ಅಂತ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಒಂದು ಕೆಲಸಕ್ಕೆ ಅಂತ ಕಟ್ಟಿದ ಶಕ್ತಿಯ ವ್ಯವಸ್ಥೆ, ಆ ಕೆಲಸ ಮುಗಿದ ಮೇಲೂ ಬೇರೆ ಕೆಲಸಕ್ಕೆ ಬದುಕಿ ಉಳಿದ ಉದಾಹರಣೆ ನಮ್ಮ ಕಡೆ ಇಲ್ವಾ? ಹುಡುಕಿದಾಗ ಉತ್ತರ ನಮ್ಮ ಕಾವೇರಿಯಲ್ಲೇ ಇತ್ತು. ಅದರ ಹಿಂದೆ ಒಬ್ಬ ಮನುಷ್ಯ ಇದ್ದರು. ಬೆಂಗಳೂರಿನ ಶೇಷಾದ್ರಿಪುರಂ ಹೆಸರು ನಾವೆಲ್ಲ ಕೇಳಿದ್ದೀವಿ, ಅಲ್ಲಿ ಬಸ್ಸೂ ಇಳಿದಿದ್ದೀವಿ. ಆ ಶೇಷಾದ್ರಿ ಯಾರು ಅಂತ ಮಾತ್ರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಗೊತ್ತಿರಲಿಲ್ಲ.

ಪಾಲಕ್ಕಾಡಿನಿಂದ ಮೈಸೂರಿಗೆ

ಕುಮಾರಪುರಂ ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಹತ್ತಿರದ ಕುಮಾರಪುರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಅವರು ಕಲ್ಲಿಕೋಟೆಯಲ್ಲಿ ಓದಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1868ರಲ್ಲಿ ಪದವಿ ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿಕೊಂಡರು. ಅವರನ್ನು ಇಲ್ಲಿಗೆ ಕರೆತಂದವರು ಮುಂದೆ ದಿವಾನರಾದ ಸಿ. ರಂಗಾಚಾರ್ಲು. ಕೆಲಸದಲ್ಲಿ ಇದ್ದುಕೊಂಡೇ 1874ರಲ್ಲಿ ಕಾನೂನು ಪದವಿಯನ್ನೂ ಮುಗಿಸಿದರು. ಗಮನಿಸಿ, ಅವರು ಇಂಜಿನಿಯರ್ ಅಲ್ಲ. ಕಾನೂನು ಓದಿದ ಒಬ್ಬ ಅಧಿಕಾರಿ.

ಆಗ ಮೈಸೂರನ್ನು ನೇರವಾಗಿ ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು. ಶೇಷಾದ್ರಿ ಅಯ್ಯರ್ ಕೆಳಗಿನ ಹುದ್ದೆಯಿಂದ ಶುರು ಮಾಡಿ, ತುಮಕೂರಿನ ಡೆಪ್ಯುಟಿ ಕಮಿಷನರ್ ಹುದ್ದೆವರೆಗೂ ಬಂದರು. ಆ ನಡುವೆಯೇ 1876ರಿಂದ 78ರ ದೊಡ್ಡ ಬರ ಬಂತು. ಲಕ್ಷಾಂತರ ಜನ ಸತ್ತರು. ಊಟ ಇದ್ದ ಕಡೆಯಿಂದ ಇಲ್ಲದ ಕಡೆಗೆ ಧಾನ್ಯ ಸಾಗಿಸೋಕೆ ರೈಲು ಸಾಲದು, ನೀರು ನಿಲ್ಲಿಸೋಕೆ ದೊಡ್ಡ ಕೆರೆ ಸಾಲದು. ಆ ಕಾಲದಲ್ಲಿ ಕೆಲಸ ಮಾಡಿದ ಅಧಿಕಾರಿಗಳು ಯಾರೂ ಅದನ್ನು ಮರೆಯೋ ಹಾಗಿರಲಿಲ್ಲ.

1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಹತ್ತನೇ ಚಾಮರಾಜೇಂದ್ರ ಒಡೆಯರ್ ಮಹಾರಾಜರು, ರಂಗಾಚಾರ್ಲು ದಿವಾನರು. ಆ ಹೊತ್ತಿಗೆ ನಮ್ಮ ಕೊಡಗು ಬೇರೆಯೇ ಪ್ರಾಂತ್ಯ. ಆದರೂ ಒಂದು ಕೊಂಡಿ ಇತ್ತು: ಬೆಂಗಳೂರಿನಲ್ಲಿ ಕೂತಿದ್ದ ಮೈಸೂರಿನ ಬ್ರಿಟಿಷ್ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆಗಿದ್ದರು. ನದಿಯ ತಲೆ ಒಂದು ಆಡಳಿತದಲ್ಲಿ, ನಡು ಇನ್ನೊಂದರಲ್ಲಿ, ಕಾಲು ಮದ್ರಾಸಿನಲ್ಲಿ. ಕಾವೇರಿಯ ಕಥೆ ಆಗಲೂ ಸುಲಭ ಇರಲಿಲ್ಲ.

1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಮುಂದಿನ ತಿಂಗಳೇ ಶೇಷಾದ್ರಿ ಅಯ್ಯರ್ ದಿವಾನರಾದರು. ವಯಸ್ಸು 37. ಅಲ್ಲಿಂದ 18 ವರ್ಷ ಅವರು ಆ ಕುರ್ಚಿಯಲ್ಲಿ ಇದ್ದರು. ಪೂರ್ಣಯ್ಯನವರನ್ನು ಬಿಟ್ಟರೆ ಮೈಸೂರಿನಲ್ಲಿ ಇಷ್ಟು ದೀರ್ಘ ಕಾಲ ದಿವಾನರಾಗಿದ್ದವರು ಬೇರೆ ಯಾರೂ ಇಲ್ಲ.

ಹದಿನೆಂಟು ವರ್ಷದ ಕೆಲಸ

ಆ 18 ವರ್ಷದ ಪಟ್ಟಿ ಉದ್ದ ಇದೆ. ರೈಲು ದಾರಿಗಳು ತುಮಕೂರು ದಾಟಿ ಹರಿಹರದವರೆಗೆ ಹೋದವು. ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಚಿನ್ನದ ಗಣಿವರೆಗೆ ಕವಲು ದಾರಿ 1894ರಲ್ಲಿ ಬಂತು. ಅದೇ 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾಯಿತು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳಾಯಿ ನೀರು 1896ರಲ್ಲಿ ಬಂತು. ಚಿತ್ರದುರ್ಗದ ಕಡೆ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟುವ ಕೆಲಸ 1898ರಲ್ಲಿ ಶುರುವಾಯಿತು. ಅದೇ ಈಗಿನ ವಾಣಿವಿಲಾಸ ಸಾಗರ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಬೇಕಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆಗಲೇ. 1900ರ ಕೊನೆಗೆ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆಯಿತು. ಜೆ. ಎನ್. ತಾತಾ ಅವರ ವಿಜ್ಞಾನ ಸಂಸ್ಥೆ ಬೆಂಗಳೂರಿಗೆ ಬರಲಿ ಅಂತ ಪ್ರಯತ್ನ ಮಾಡಿದವರಲ್ಲೂ ಇವರು ಒಬ್ಬರು.

ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಎಲ್ಲರೂ ಹೊಗಳುತ್ತಿದ್ದರು ಅಂತ ಅಂದುಕೊಳ್ಳಬೇಡಿ. ಮದ್ರಾಸ್ ಕಡೆಯವರಿಗೇ ದೊಡ್ಡ ಹುದ್ದೆಗಳು ಸಿಗುತ್ತವೆ, ಮೈಸೂರಿನ ಮಕ್ಕಳಿಗೆ ಸಿಗಲ್ಲ ಅನ್ನೋ ಸಿಟ್ಟು ಅವರ ಕಾಲದಲ್ಲಿ ಜೋರಾಗಿತ್ತು. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನೋ ದೂರೂ ಇತ್ತು. ಈ ದೂರುಗಳಲ್ಲಿ ಹುರುಳಿತ್ತು ಅಂತಾನೇ ನಮಗೂ ಅನಿಸುತ್ತೆ. ಒಬ್ಬರು ದೊಡ್ಡ ಕೆಲಸ ಮಾಡಿದ್ದಾರೆ ಅಂದ ಮಾತ್ರಕ್ಕೆ ಅವರ ಎಲ್ಲ ನಿರ್ಧಾರಗಳೂ ಸರಿ ಆಗಲ್ಲ.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ಹಠಾತ್ತಾಗಿ ತೀರಿಕೊಂಡರು. ಯುವರಾಜರು ಇನ್ನೂ ಹತ್ತು ವರ್ಷದ ಹುಡುಗ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು, ದಿವಾನರು ಮುಂದುವರಿದರು. ನಾವು ಹೇಳಬೇಕಾದ ಮುಖ್ಯ ಕಥೆ ನಡೆದದ್ದು ಈ ರೀಜೆನ್ಸಿ ಕಾಲದಲ್ಲಿ.

ಗಣಿಗೆ ಬೇಕಾದದ್ದು, ನದಿಯಲ್ಲಿ ಇದ್ದದ್ದು

ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಿಂದ ಕೆಲಸ ಮಾಡುತ್ತಿತ್ತು. ಕೆಲವೇ ವರ್ಷದಲ್ಲಿ ಚಿನ್ನದ ದೊಡ್ಡ ಪದರ ಸಿಕ್ಕಿ ಗಣಿ ಆಳಕ್ಕೆ ಇಳಿಯತೊಡಗಿತು. ಆಳ ಹೆಚ್ಚಿದಂತೆ ನೀರು ಎತ್ತಬೇಕು, ಗಾಳಿ ನೂಕಬೇಕು, ಅದಿರು ಮೇಲೆ ತರಬೇಕು, ಪುಡಿ ಮಾಡಬೇಕು. ಇದಕ್ಕೆಲ್ಲ ಉಗಿ ಯಂತ್ರ. ಉಗಿಗೆ ಸೌದೆ ಮತ್ತು ಕಲ್ಲಿದ್ದಲು. ಸುತ್ತಲಿನ ಕಾಡು ಕರಗುತ್ತಾ ಬಂತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಗಣಿಯಿಂದ ಸಂಸ್ಥಾನಕ್ಕೆ ರಾಯಲ್ಟಿ ಬರುತ್ತಿತ್ತು. ಹಾಗಾಗಿ ಗಣಿಯ ಇಂಧನದ ಚಿಂತೆ ದಿವಾನರ ಚಿಂತೆಯೂ ಆಗಿತ್ತು.

ಅತ್ತ ಕಾವೇರಿ. ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲ ದಾಟಿ, ಕುಶಾಲನಗರದ ಹತ್ತಿರ ನಮ್ಮ ಜಿಲ್ಲೆ ಬಿಟ್ಟು ಹೋಗುವ ಅದೇ ನದಿ. ಮಳೆಗಾಲದಲ್ಲಿ ನಮ್ಮ ಬೆಟ್ಟಗಳಲ್ಲಿ ಬಿದ್ದ ನೀರು ಕೆಲವು ದಿನದಲ್ಲಿ ಶಿವನಸಮುದ್ರ ತಲುಪುತ್ತೆ. ಅಲ್ಲಿ ನದಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಆಗಿ ಬೀಳುತ್ತೆ. ಆ ಜಾಗದ ಒಟ್ಟು ಇಳಿತ ನೂರು ಮೀಟರಿಗೂ ಹೆಚ್ಚು. ಫ್ಲೂಯಿಡ್ಸ್ ಪಾಠ ನೆನಪಿದ್ದರೆ ಗೊತ್ತಾಗುತ್ತೆ: ಶಕ್ತಿ ಅಂದ್ರೆ ಹರಿವು ಮತ್ತು ಎತ್ತರದ ಗುಣಾಕಾರ. ಎರಡೂ ಅಲ್ಲಿ ಇದ್ದವು.

ತೊಂದರೆ ಏನಪ್ಪಾ ಅಂದ್ರೆ, ಜಲಪಾತ ಒಂದು ಕಡೆ, ಗಣಿ ಇನ್ನೊಂದು ಕಡೆ. ನಡುವೆ ಸುಮಾರು 147 ಕಿಲೋಮೀಟರ್. ಆಗಿನ ಕಾಲದ ಅಳತೆ ನೋಡಿ. ಭಾರತದ ಮೊದಲ ಜಲವಿದ್ಯುತ್ ಘಟಕ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲಿ ಶುರುವಾಯಿತು, ಅದು 130 ಕಿಲೋವ್ಯಾಟ್, ಪಕ್ಕದ ಊರಿಗೆ ದೀಪ ಕೊಡುವಷ್ಟು. ಪ್ರಪಂಚವೇ ಮಾತಾಡುತ್ತಿದ್ದ ನಯಾಗರದಿಂದ ಬಫಲೊಗೆ 1896ರಲ್ಲಿ ಹೋದ ಲೈನಿನ ಉದ್ದ 40 ಕಿಲೋಮೀಟರ್ ಆಸುಪಾಸು. ಇಲ್ಲಿ ಬೇಕಿದ್ದದ್ದು ಅದರ ಮೂರು ಪಟ್ಟಿಗೂ ಹೆಚ್ಚು.

ಆ ಯೋಜನೆಯನ್ನು ತಯಾರು ಮಾಡಿದವರು ಮೈಸೂರಿನ ಡೆಪ್ಯುಟಿ ಚೀಫ್ ಇಂಜಿನಿಯರ್ ಆಗಿದ್ದ ಅಲೈನ್ ಜೋಲಿ ದ ಲೋಟ್‌ಬಿನಿಯರ್. ಕೆನಡಾದವರು, ರಾಯಲ್ ಇಂಜಿನಿಯರ್ಸ್‌ನ ಅಧಿಕಾರಿ. ಯುರೋಪ್, ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿಕೊಂಡು ಬಂದರು. ಕಾಗದದ ಮೇಲೆ ಲೆಕ್ಕ ಸರಿ ಇತ್ತು. ಆದರೆ ಸಂಸ್ಥಾನದ ಖಜಾನೆಯಿಂದ ದುಡ್ಡು ಹಾಕುವವರು ಯಾರು? ಇಲ್ಲಿ ಶೇಷಾದ್ರಿ ಅಯ್ಯರ್ ಪಾತ್ರ ಬರುತ್ತೆ.

ಅವರು ಮಾಡಿದ್ದು ಇಷ್ಟು. ಮೊದಲು ಗಿರಾಕಿಯನ್ನು ಗಟ್ಟಿ ಮಾಡಿಕೊಂಡರು: ಗಣಿ ಕಂಪನಿಗಳು ವರ್ಷಗಟ್ಟಲೆ ಕರೆಂಟ್ ಕೊಳ್ಳುವ ಒಪ್ಪಂದ. ಯಂತ್ರಗಳನ್ನು ಆ ಕಾಲದ ಒಳ್ಳೆಯ ಕಂಪನಿಗಳಿಂದಲೇ ತರಿಸುವ ವ್ಯವಸ್ಥೆ ಆಯಿತು: ಟರ್ಬೈನ್ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಆದರೆ ಮಾಲೀಕತ್ವ ಮಾತ್ರ ಸಂಸ್ಥಾನದ್ದೇ. ಜಲಪಾತವನ್ನು ಕಂಪನಿಗೆ ಬರೆದುಕೊಟ್ಟು ಬಾಡಿಗೆ ತಗೊಳ್ಳೋದು ಸುಲಭದ ದಾರಿ ಆಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಈ ಒಂದು ನಿರ್ಧಾರವೇ ಕಾರಣ ಅಂತ ನಾವು ಅಂದುಕೊಂಡಿದ್ದೀವಿ.

ಕೆಳಗಿನ ಮದ್ರಾಸ್ ಪ್ರಾಂತ್ಯದ ಜೊತೆ ಕಾವೇರಿ ನೀರಿನ ವಿಷಯದಲ್ಲಿ 1892ರಲ್ಲಿ ಒಂದು ಒಪ್ಪಂದ ಆಗಿತ್ತು, ಆಗಲೂ ಇವರೇ ದಿವಾನರು. ಹೊಲಕ್ಕೆ ನೀರು ತಿರುಗಿಸಿದರೆ ಕೆಳಗಿನವರಿಗೆ ಅಷ್ಟು ಕಡಿಮೆ. ಆದರೆ ಟರ್ಬೈನ್ ನೀರನ್ನು ಕುಡಿಯಲ್ಲ. ಎತ್ತರವನ್ನು ಮಾತ್ರ ತಗೊಂಡು ನೀರನ್ನು ನದಿಗೇ ಬಿಡುತ್ತೆ.

147 ಕಿಲೋಮೀಟರ್ ಲೈನು

ಕೆಲಸ 1900ರಲ್ಲಿ ಜೋರಾಗಿ ಶುರುವಾಯಿತು. ಭಾರವಾದ ಯಂತ್ರಗಳು ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕೊನೆಗೆ ರಸ್ತೆ ಸರಿ ಇಲ್ಲದ ಕಡೆ ಗಾಡಿಗಳ ಮೇಲೆ ಆನೆಗಳ ಬಲದಿಂದ ಸಾಗಿದವು. ದುಬಾರೆಯಲ್ಲಿ ಆನೆ ನೋಡಿದ ನಮಗೆ ಆ ದೃಶ್ಯ ಊಹಿಸೋದು ಕಷ್ಟ ಆಗಲಿಲ್ಲ. ಮೊದಲ ಹಂತದಲ್ಲಿ 720 ಕಿಲೋವ್ಯಾಟಿನ ಆರು ಯಂತ್ರಗಳು. ಒಟ್ಟು 4.32 ಮೆಗಾವ್ಯಾಟ್.

ಲೈನಿನ ವೋಲ್ಟೇಜ್ 35,000. ಯಾಕೆ ಇಷ್ಟು? ಇದು ಎಲೆಕ್ಟ್ರಿಕಲ್‌ನವರಿಗೆ ಗೊತ್ತು, ಉಳಿದವರಿಗೆ ಹೇಳ್ತೀವಿ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಹತ್ತನೇ ಒಂದು ಭಾಗ, ನಷ್ಟ ನೂರನೇ ಒಂದು ಭಾಗ. 3,500 ವೋಲ್ಟಿನಲ್ಲಿ ಕಳಿಸಿದ್ದರೆ ಶಿವನಸಮುದ್ರದ ಶಕ್ತಿಯೆಲ್ಲ ದಾರಿಯಲ್ಲೇ ತಂತಿ ಬಿಸಿ ಮಾಡೋಕೆ ಖರ್ಚಾಗುತ್ತಿತ್ತು. ಆ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದು.

ಈ ಹೊತ್ತಿಗೆ ದಿವಾನರ ಆರೋಗ್ಯ ಕೆಟ್ಟಿತ್ತು. 1901ರಲ್ಲಿ ಅವರು ಹುದ್ದೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಶಿವನಸಮುದ್ರದಲ್ಲಿ ಆಗ ಕೆಲಸ ಇನ್ನೂ ನಡೀತಾ ಇತ್ತು.

1902ರ ಜೂನ್ 30ರಂದು ಕರೆಂಟ್ ಕೋಲಾರದ ಗಣಿ ತಲುಪಿತು. ಅವರು ಹೋಗಿ ಒಂಬತ್ತು ತಿಂಗಳಾಗಿತ್ತು. ತಾವು ಸಹಿ ಹಾಕಿದ ದೊಡ್ಡ ಕೆಲಸ ಓಡಿದ್ದನ್ನು ಅವರು ನೋಡಲಿಲ್ಲ. ಇಟಲಿಯ ಲಾರ್ಡೆರೆಲ್ಲೊದಲ್ಲಿ ಭೂಮಿಯ ಆವಿಯಿಂದ ಮೊದಲ ಸಲ ಐದು ಬಲ್ಬು ಹತ್ತಿದ್ದು 1904ರಲ್ಲಿ. ಅಂದ್ರೆ ನಮ್ಮ ಸೆಮಿನಾರಿನ ಭೂಶಾಖದ ವಿದ್ಯುತ್ ಹುಟ್ಟುವ ಮೊದಲೇ ಕೊಡಗಿನ ಮಳೆನೀರು ಕೋಲಾರದ ಗಣಿಯಲ್ಲಿ ಯಂತ್ರ ತಿರುಗಿಸುತ್ತಿತ್ತು.

ಗಿರಾಕಿ ಹೋದ, ಕೆಲಸ ಉಳೀತು

ಇಲ್ಲಿಂದ ಮುಂದಿನದು ಅವರು ಬಿಟ್ಟುಹೋದದ್ದರ ಜೀವನ. ನಾವು ಈ ಲೇಖನ ಬರೆಯೋಕೆ ಕಾರಣವೂ ಇದೇ.

ಕಟ್ಟಿದ್ದು ಒಬ್ಬನೇ ಗಿರಾಕಿಗೆ, ಗಣಿಗೆ. ಆದರೆ 1905ರ ಆಗಸ್ಟಿನಲ್ಲಿ ಅದೇ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹತ್ತಿದವು. ಆಮೇಲೆ ಮೈಸೂರು. ಆಮೇಲೆ ಕಾರ್ಖಾನೆಗಳು, ನೀರಿನ ಪಂಪುಗಳು. ಆಗಾರ ಸಂಸ್ಥಾನದ್ದೇ ಆಗಿದ್ದರಿಂದ ಯಾರಿಗೆ ಕೊಡಬೇಕು ಅಂತ ಸಂಸ್ಥಾನವೇ ತೀರ್ಮಾನ ಮಾಡಬಹುದಿತ್ತು.

ಬೇಸಿಗೆಯಲ್ಲಿ ಮಾತ್ರ ತೊಂದರೆ. ಕೊಡಗಿನಲ್ಲಿ ಮಳೆ ನಿಂತರೆ ನದಿ ಸೊರಗುತ್ತೆ, ನದಿ ಸೊರಗಿದರೆ ಟರ್ಬೈನಿಗೆ ನೀರಿಲ್ಲ. ಗಣಿಯ ಪಂಪು ಮಾತ್ರ ಬೇಸಿಗೆಯಲ್ಲೂ ಓಡಲೇಬೇಕು. 1911ರಲ್ಲಿ ವಿಶ್ವೇಶ್ವರಯ್ಯನವರು ಚೀಫ್ ಇಂಜಿನಿಯರ್ ಆಗಿದ್ದಾಗ ಕನ್ನಂಬಾಡಿಯಲ್ಲಿ ಅಣೆಕಟ್ಟು ಶುರುವಾಗೋಕೆ ನೀರಾವರಿಯ ಜೊತೆ ಇದೂ ಒಂದು ಕಾರಣ. ಕೆಆರ್‌ಎಸ್ ಅಂದ ಕೂಡಲೇ ನಮಗೆ ಬೃಂದಾವನ ನೆನಪಾಗುತ್ತೆ. ಆದರೆ ಅದರ ಹಿಂದೆ ಶಿವನಸಮುದ್ರದ ಬೇಸಿಗೆಯ ಸಮಸ್ಯೆಯೂ ಇದೆ.

ಕೋಲಾರದ ಗಣಿ 1956ರಲ್ಲಿ ಸರ್ಕಾರದ ಕೈಗೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಕೊಡಗೂ ಮೈಸೂರು ರಾಜ್ಯಕ್ಕೆ ಸೇರಿತು. ನದಿಯ ತಲೆ ಮತ್ತು ನಡು ಕೊನೆಗೂ ಒಂದೇ ಆಡಳಿತದಲ್ಲಿ ಬಂದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದ ಮೇಲೆ. ಯಾರಿಗಾಗಿ ಶಿವನಸಮುದ್ರ ಕಟ್ಟಿದ್ದರೋ ಆ ಗಿರಾಕಿಯೇ ಹೋದ. ವಿದ್ಯುದಾಗಾರ ಈಗಲೂ ಇದೆ, ಅದರ ಸಾಮರ್ಥ್ಯ 42 ಮೆಗಾವ್ಯಾಟ್. ಶುರುವಿನ ಹತ್ತು ಪಟ್ಟು ಹತ್ತಿರ.

ಆದರೆ ಇದನ್ನು ಸುಮ್ಮನೆ ಹೊಗಳಿ ಮುಗಿಸಿದರೆ ನಾವು ಇಂಜಿನಿಯರಿಂಗ್ ಓದಿ ಪ್ರಯೋಜನ ಇಲ್ಲ. ಉಳಿದದ್ದು ಏನು, ಉಳಿಯದೇ ಹೋದದ್ದು ಏನು ಅಂತ ನೋಡಬೇಕು. 1902ರ ಯಂತ್ರಗಳು ಉಳಿಯಲಿಲ್ಲ. ಅವು ಓಡುತ್ತಿದ್ದದ್ದು 25 ಸೈಕಲ್ಲಿನಲ್ಲಿ, ನಮ್ಮ ಗ್ರಿಡ್ 50 ಹರ್ಟ್ಸ್. ಹಳೆಯದನ್ನು ಹೊಸ ಗ್ರಿಡ್ಡಿಗೆ ನೇರವಾಗಿ ಸೇರಿಸೋಕೆ ಆಗಲ್ಲ, ಯಂತ್ರಗಳನ್ನು ಬದಲಿಸಲೇಬೇಕು. ಉಳಿದದ್ದು ಜಾಗ, ನಾಲೆ, ನೀರಿನ ಇಳಿತ, ಲೈನು ಹೋಗುವ ದಾರಿ, ಮತ್ತು ಅದನ್ನು ನಡೆಸಲು ಕಲಿತ ಜನ.

ಸಮುದ್ರದ ಪ್ಲಾಟ್‌ಫಾರ್ಮ್‌ಗೂ ಇದೇ ಲೆಕ್ಕ ಹಾಕಬಹುದು. ಮೇಲಿನ ಯಂತ್ರಗಳು ಗುಜರಿಗೆ ಹೋಗಬಹುದು. ಆದರೆ ಕೊರೆದ ಬಾವಿ ಇದೆ. ಯಾವ ಆಳದಲ್ಲಿ ಎಷ್ಟು ಬಿಸಿ, ಎಷ್ಟು ನೀರು ಅನ್ನೋ ದಶಕಗಳ ದಾಖಲೆ ಇದೆ. ಸಮುದ್ರದಲ್ಲಿ ಕೆಲಸ ಗೊತ್ತಿರುವ ಜನ ಇದ್ದಾರೆ. ಇವುಗಳ ಬೆಲೆ ಕಬ್ಬಿಣದ ಬೆಲೆಗಿಂತ ಹೆಚ್ಚು. ಬಾವಿಯ ಒಳಗಿನ ಕಬ್ಬಿಣದ ಕೊಳವೆ ತುಕ್ಕು ಹಿಡಿದಿದ್ದರೆ, ಬಾವಿ ಕಿರಿದಾಗಿ ನೀರು ಸಾಕಷ್ಟು ಬಾರದಿದ್ದರೆ, ಆಗ ಮರುಬಳಕೆ ಅನ್ನೋದು ಪಿಪಿಟಿಯಲ್ಲಿ ಮಾತ್ರ ಚೆನ್ನಾಗಿರುತ್ತೆ.

ಗಣಿಯ ಶಾಖ

ಇನ್ನೊಂದು ಪ್ರಶ್ನೆ ನಮಗೆ ತಾನಾಗೇ ಬಂತು. ಕರ್ನಾಟಕದಲ್ಲಿ ಎಣ್ಣೆ ಬಾವಿ ಇಲ್ಲದಿದ್ದರೇನು, ಕೆಜಿಎಫ್‌ನ ಗುಂಡಿ ಇದೆಯಲ್ಲ? ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಲ್ಲಿಂದ ಶಾಖ ತೆಗೆಯಬಹುದಾ?

ಲೆಕ್ಕ ಹಾಕಿದೆವು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಕಾರ್ಮಿಕರಿಗೆ ಅದು ನರಕ, ಅದಕ್ಕೇ ಮೇಲಿಂದ ತಂಪು ಗಾಳಿ ಇಳಿಸುತ್ತಿದ್ದರು. ಟರ್ಬೈನಿಗೆ ಮಾತ್ರ ಅದು ಸಾಲದು. ಪ್ರಪಂಚದ ಸರಾಸರಿಯಲ್ಲಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತೆ. ಕೋಲಾರದಲ್ಲಿ ಅದರ ಅರ್ಧದಷ್ಟು. ನಮ್ಮ ದಕ್ಷಿಣದ ಬಂಡೆ ಬಹಳ ಹಳೆಯದು, ತಣ್ಣಗಾಗಿದೆ. ಗುಜರಾತಿನ ಖಂಭಾತ್ ಕಡೆಯ ತೈಲಕ್ಷೇತ್ರಗಳಲ್ಲಿ ನೆಲದ ಶಾಖ ಹೆಚ್ಚು. ಹಾಗಾಗಿ ಈ ಆಲೋಚನೆಗೆ ತಕ್ಕ ಜಾಗ ಅದು, ಕೋಲಾರ ಅಲ್ಲ. ನೆದರ್ಲೆಂಡ್ಸ್‌ನ ಹೀರ್ಲೆನ್ ಊರಿನಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿಯಲ್ಲಿ ತುಂಬಿದ ಉಗುರು ಬೆಚ್ಚಗಿನ ನೀರಿನಿಂದ ಕಟ್ಟಡಗಳನ್ನು ಬಿಸಿ ಮಾಡುತ್ತಾರೆ. ಕೋಲಾರದಲ್ಲಿ ಮನೆ ಬಿಸಿ ಮಾಡೋ ಅಗತ್ಯ ಯಾರಿಗಿದೆ?

ಹಾಗಂತ ಆ ಗಣಿಗೆ ಎರಡನೇ ಕೆಲಸ ಸಿಗಲೇ ಇಲ್ಲ ಅಂತಲ್ಲ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿದರು. ಚಿನ್ನಕ್ಕೆ ತೋಡಿದ ಗುಂಡಿ ಭೌತಶಾಸ್ತ್ರದ ಲ್ಯಾಬ್ ಆಯಿತು. ಅದೂ ಗಣಿ ಜೀವಂತ ಇದ್ದಾಗ, ಪಂಪು ಲಿಫ್ಟು ಎಲ್ಲ ಓಡುತ್ತಿದ್ದಾಗ. ಮುಚ್ಚಿದ ಮೇಲೆ ಪಂಪು ನಿಂತಿತು, ನೀರು ತುಂಬಿತು, ಆ ಬಾಗಿಲೂ ಮುಚ್ಚಿತು. ನಮ್ಮ ಸೆಮಿನಾರಿಗೆ ಸಿಕ್ಕ ಪಾಠಗಳಲ್ಲಿ ದೊಡ್ಡದು ಇದೇ: ಎರಡನೇ ಕೆಲಸವನ್ನು ಮೊದಲನೆಯದು ನಿಲ್ಲುವ ಮುಂಚೆ ಹುಡುಕಬೇಕು. ಪ್ಲಾಟ್‌ಫಾರ್ಮಿನ ಬಾವಿಗೆ ಸಿಮೆಂಟ್ ತುಂಬಿ ಮುಚ್ಚಿದ ಮೇಲೆ ಭೂಶಾಖದ ಯೋಚನೆ ಮಾಡಿದರೆ ತಡ ಆಯಿತು ಅಂತಲೇ ಅರ್ಥ.

ಶಿವನಸಮುದ್ರಕ್ಕೆ ಬೆಂಗಳೂರು ಸಿಕ್ಕಿದ್ದು ಗಣಿ ಮುಚ್ಚಿದ ಮೇಲೆ ಅಲ್ಲ, 96 ವರ್ಷ ಮುಂಚೆ. ಗಣಿಯ ಊರಿಗೆ ಮಾತ್ರ ಹಾಗೆ ಯಾರೂ ಎರಡನೇ ಕೆಲಸ ಹುಡುಕಿರಲಿಲ್ಲ. ಕೆಲಸ ಹೋದ ಸಾವಿರಾರು ಕುಟುಂಬ, ಸಯನೈಡ್ ಬಳಸಿ ಚಿನ್ನ ತೆಗೆದು ಬಿಟ್ಟ ಮಣ್ಣಿನ ಗುಡ್ಡಗಳು ಅಲ್ಲೇ ಉಳಿದವು. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವವರು ಆ ಊರಿನಲ್ಲಿ ಈಗಲೂ ತುಂಬಾ ಜನ. ಒಂದೇ ನಿರ್ಧಾರದ ಎರಡು ತುದಿ ಇವು. ಲೈನಿನ ಒಂದು ತುದಿ ಬದುಕಿತು, ಇನ್ನೊಂದು ತುದಿ ಬಡವಾಯಿತು. ಶೇಷಾದ್ರಿ ಅಯ್ಯರ್ ಅವರನ್ನು ಇದಕ್ಕೆ ಹೊಣೆ ಮಾಡೋಕೆ ಆಗಲ್ಲ, ಅವರು ಸತ್ತು ನೂರು ವರ್ಷ ಆಗಿತ್ತು. ಆದರೆ ಅವರ ನಂತರದವರು, ಅಂದ್ರೆ ನಾವೂ ಸೇರಿ, ಅವರು ಜಲಪಾತದ ಬಗ್ಗೆ ಯೋಚಿಸಿದಷ್ಟು ಮುಂದಾಲೋಚನೆಯನ್ನು ಗಣಿಯ ಊರಿನ ಬಗ್ಗೆ ಮಾಡಬಹುದಿತ್ತು.

ಕೊಡಗಿನಿಂದ ನೋಡಿದಾಗ

ಹಿಂದಿನ ಬೆಂಚಿನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಕೊಡಗಿನಲ್ಲಿ ಸಮುದ್ರ ಇಲ್ಲ, ಎಣ್ಣೆ ಇಲ್ಲ. ಆದರೆ ದಕ್ಷಿಣ ಭಾರತದ ಮೊದಲ ದೊಡ್ಡ ವಿದ್ಯುತ್ ಯೋಜನೆಗೆ ಇಂಧನ ಹೋದದ್ದು ಇಲ್ಲಿಂದಲೇ, ಮಳೆಯ ರೂಪದಲ್ಲಿ. ಆ ಲೈನು ನಮ್ಮ ಕಡೆ ಬರಲಿಲ್ಲ, ಕೋಲಾರದ ಕಡೆ ಹೋಯಿತು. ಇವತ್ತಿಗೂ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದೆ ಮೊಬೈಲ್ ಚಾರ್ಜಿಗೆ ಪರದಾಡುವಾಗ, ಕೆಳಗೆ ತುಂಬಿ ಹರಿಯುವ ಹೊಳೆ ನೋಡಿ ನಗು ಬರುತ್ತೆ, ಬೇಜಾರೂ ಆಗುತ್ತೆ. ಶಕ್ತಿ ಹುಟ್ಟುವ ಜಾಗದವರಿಗೆ ಅದು ಮೊದಲು ಸಿಗುತ್ತೆ ಅಂತ ಏನಿಲ್ಲ. ಮುಂದೆ ಯಾರಾದರೂ ಯಾವುದೇ ಯೋಜನೆ ಮಾಡುವಾಗ ಈ ಪ್ರಶ್ನೆಯನ್ನೂ ಕೇಳಬೇಕು. ಸಮುದ್ರದ ಪ್ಲಾಟ್‌ಫಾರ್ಮ್ ಆದರೆ ದಡದ ಮೀನುಗಾರರನ್ನು, ಬೆಟ್ಟದ ಯೋಜನೆ ಆದರೆ ಬೆಟ್ಟದವರನ್ನು.

ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಮುಂದೆ ಇದೆ. ಆ ಕಟ್ಟಡವೂ ಅವರ ನೆನಪಿಗೆ ಕಟ್ಟಿದ್ದೇ. ರಜೆಯಲ್ಲಿ ಬೆಂಗಳೂರಿಗೆ ಹೋದವರು ಒಂದು ಸಲ ನೋಡಿ ಬನ್ನಿ. ನಮ್ಮ ಸೆಮಿನಾರಿನ ಕೊನೆಯ ಸ್ಲೈಡನ್ನು ನಾವು ಬದಲಿಸಿದ್ದೀವಿ. ಮೊದಲು ಅಲ್ಲಿ ಪ್ಲಾಟ್‌ಫಾರ್ಮಿನ ಚಿತ್ರ ಇತ್ತು. ಈಗ ಮೂರು ಪ್ರಶ್ನೆ ಇದೆ. ಮೊದಲ ಕೆಲಸ ಮುಗಿದಾಗ ಏನು ಉಳಿಯುತ್ತೆ? ಅದರ ಮಾಲೀಕರು ಯಾರು? ಅದನ್ನು ನಂಬಿದ ಊರಿಗೆ ಏನು ಗತಿ? ವೈವಾದಲ್ಲಿ ಇದಕ್ಕೆ ಮಾರ್ಕ್ಸ್ ಸಿಗುತ್ತೋ ಇಲ್ವೋ ನೋಡೋಣ.

ಬರೆದದ್ದರಲ್ಲಿ ತಪ್ಪಿದ್ದರೆ ಕ್ಲಬ್ಬಿನಲ್ಲಿ ಸಿಕ್ಕಾಗ ಹೇಳಿ, ತಿದ್ದಿಕೊಳ್ತೀವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.